ಅಮ್ಮನ ಹೊದಿಕೆಗೆ ತೇಪೆ: 14 ಇಂಚು, 4 ತಿಂಗಳು

ಅಕ್ಟೋಬರ್ 5ರ ರಾತ್ರಿ ಕೊನೆಯ ಹೊಲಿಗೆ ಹಾಕಿ ದಾರ ಕತ್ತರಿಸಿದೆ. ಕೆಲಸ ಶುರು ಮಾಡಿದ್ದು ಜೂನ್‌ನಲ್ಲಿ. ಮಾಡಿದ್ದು ಇಷ್ಟೇ: ಹರಿದುಹೋದ ಅಚ್ಚಿನ ಹೊದಿಕೆಗೆ 14 ಇಂಚು ಉದ್ದ, 5 ಇಂಚು ಅಗಲದ ಒಂದು ತೇಪೆ. ಆದರೆ ಅದೇ ಅಂಚು, ಅದೇ ಕಪ್ಪು, ಅದೇ ಕೆಂಪು, ಮರದ ಅಚ್ಚಿನಿಂದಲೇ. ಅದಕ್ಕಾಗಿ ಐದು ತುಂಡು ಬಟ್ಟೆ ತಗೊಂಡೆ, ನಾಲ್ಕು ಕೆಟ್ಟವು. ಯಾಕೆ ಕೆಟ್ಟವು ಅನ್ನೋದು ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದ್ದೊಂದು ಬಟ್ಟೆ ಇದ್ದರೆ ಉಪಯೋಗಕ್ಕೆ ಬರಬಹುದು.

ಜೂನ್ 8

ಹೊದಿಕೆ ಅಪ್ಪ 1988ರಲ್ಲಿ ವಿಜಯವಾಡದಿಂದ ತಂದದ್ದು. ಕಲಂಕಾರಿ ಅಂತ ನಾವೆಲ್ಲ ಹೇಳುತ್ತೇವೆ. ಶ್ರೀಕಾಳಹಸ್ತಿಯಲ್ಲಿ ಕಲಮು, ಅಂದರೆ ಬಿದಿರಿನ ಲೇಖನಿ, ಹಿಡಿದು ಬರೆಯುವ ಕಲಂಕಾರಿ ಬೇರೆ. ಇದು ಮಚಲೀಪಟ್ಟಣ, ಪೆಡನದ ಕಡೆಯ ಅಚ್ಚಿನ ಕಲಂಕಾರಿ. ಮಧ್ಯ ಖಾಲಿ, ಸುತ್ತ ಹೂಬಳ್ಳಿಯ ಅಂಚು.

ಅಮ್ಮ ಅದನ್ನು ಹಾಸಬೇಕು ಅಂತ ತೆಗೆಸಿದರು. ಮಡಿಕೆ ಬಿಚ್ಚುವಾಗಲೇ ಸದ್ದಾಯಿತು. ಇಲಿ ಕಡಿದಿರಬೇಕು ಅಂದುಕೊಂಡೆ. ಬೆಳಕಿಗೆ ಹಿಡಿದು ನೋಡಿದರೆ ಇಲಿಯ ಕೆಲಸ ಅಲ್ಲ. ಬಟ್ಟೆ ಹರಿದಿದ್ದು ಕಪ್ಪು ಗೆರೆಯ ಗುಂಟ. ಎಲೆಯ ಅಂಚಿಗೆ ಬಂದು, ಎಲೆಯನ್ನೇ ಸುತ್ತಿ, ತೊಟ್ಟಿನ ಮೇಲೆ ಇಳಿದಿದೆ. ಕತ್ತರಿ ಹಿಡಿದು ಚಿತ್ರ ಕತ್ತರಿಸಿದ ಹಾಗೆ. ಪಕ್ಕದ ಕೆಂಪು ಭಾಗ, ಬಿಳಿ ಭಾಗ ಇನ್ನೂ ಗಟ್ಟಿಮುಟ್ಟು.

ಈ ಕಪ್ಪು ಕಬ್ಬಿಣದಿಂದ ಬರುವ ಬಣ್ಣ. ವರ್ಷಗಟ್ಟಲೆ ಇದ್ದರೆ ಕಬ್ಬಿಣ ಹತ್ತಿಯನ್ನು ತಿನ್ನುತ್ತದೆ. ಮ್ಯೂಸಿಯಂಗಳಲ್ಲಿರುವ ಕೋರಮಂಡಲ ತೀರದ ಹಳೆಯ ಬಟ್ಟೆಗಳಲ್ಲೂ ಮೊದಲು ಹೋಗೋದು ಕಪ್ಪು ಗೆರೆಗಳೇ. ನಮ್ಮದರಲ್ಲಿ ಹೋಗಿದ್ದು 12 ಇಂಚು. ಸುತ್ತಲಿನ ದುರ್ಬಲ ಭಾಗ ಸೇರಿಸಿದರೆ 14.

ಟೈಲರ್ ಹತ್ತಿರ ಕೇಳಿದೆ. ಬಿಳಿ ಬಟ್ಟೆ ಕೊಟ್ಟು ಹೊಲಿದುಕೊಡುತ್ತೇನೆ, 80 ರೂಪಾಯಿ ಅಂದರು. ಅಮ್ಮ ಏನೂ ಮಾತಾಡಲಿಲ್ಲ, ಹೊದಿಕೆ ಮಡಚಿ ಒಳಗೆ ಇಟ್ಟರು. ಅಂಚನ್ನು ನಾನೇ ಮಾಡ್ತೀನಿ ಅಂತ ಅವತ್ತೇ ನಿರ್ಧಾರ ಮಾಡಿದೆ.

ಜೂನ್ 15: ಅಳತೆ

ಬಟರ್ ಪೇಪರ್ ಇಟ್ಟು ಅಂಚಿನ ಚಿತ್ರ ತೆಗೆದೆ. ಅಂಚಿನ ಅಗಲ 3¼ ಇಂಚು. ಒಂದು ಅಚ್ಚಿನ ಉದ್ದ 4¾ ಇಂಚು. ಅಂದರೆ ತೇಪೆಗೆ ಮೂರು ಸಲ ಅಚ್ಚು ಬೀಳಬೇಕು. ಅಚ್ಚುಗಳು ಎರಡು: ಕಪ್ಪು ಗೆರೆಗೆ ಒಂದು, ಒಳಗಿನ ಕೆಂಪು ತುಂಬುವುದಕ್ಕೆ ಇನ್ನೊಂದು.

ಭೂತಗನ್ನಡಿ ಹಿಡಿದು ನೋಡುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರತಿ ಅಚ್ಚಿನಲ್ಲೂ ಎಡಗಡೆಯ ಹೂವಿಗೆ ಐದೇ ದಳ. ಬಲಗಡೆಯ ಹೂವಿಗೆ ಆರು. ಆರನೆಯ ದಳ ಇರಬೇಕಾದ ಕಡೆ ಒಂದು ಸಣ್ಣ ಮೊಂಡು ಗುರುತು. ಅಂದರೆ ಅಚ್ಚಿನಲ್ಲಿ ಆ ದಳ ಮುರಿದಿತ್ತು. ಮುರಿದ ಅಚ್ಚಿನಲ್ಲೇ ಆ ಮನುಷ್ಯ ಇಡೀ ಹೊದಿಕೆ ಮುಗಿಸಿದ್ದಾನೆ. ಸುತ್ತಲೂ ಎಣಿಸಿದೆ, ಎಲ್ಲೂ ತಪ್ಪಿಲ್ಲ. ಮನೆಯಲ್ಲಿ ಇಷ್ಟು ವರ್ಷ ಹೊದ್ದುಕೊಂಡಿದ್ದೇವೆ, ಒಬ್ಬರೂ ಗಮನಿಸಿರಲಿಲ್ಲ.

ಇನ್ನೊಂದು: ಕೆಂಪು ಎಲ್ಲ ಕಡೆಯೂ ಕಪ್ಪು ಗೆರೆಯಿಂದ ಎಡಕ್ಕೆ ಸರಿದಿದೆ, ಸುಮಾರು ಅರ್ಧ ನೂಲು. ಮರಗೆಲಸದವರು ಹೇಳುವ ನೂಲು, ಇಂಚಿನ ಎಂಟನೇ ಒಂದು ಭಾಗ. ಅದರ ಅರ್ಧ. ಒಂದು ಕಡೆ ಮಾತ್ರ ಆಗಿದ್ದರೆ ಕೈತಪ್ಪು ಅನ್ನಬಹುದು. ಎಲ್ಲ ಕಡೆಯೂ ಅಷ್ಟೇ ಇದೆ ಅಂದರೆ ಅದು ಆ ಕೈಯ ಅಭ್ಯಾಸ. ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡೆ: ಐದು ದಳ, ಅರ್ಧ ನೂಲು ಎಡಕ್ಕೆ.

ಜೂನ್ 22ರಿಂದ ಜುಲೈ 6: ಕೆಟ್ಟ ಅಚ್ಚುಗಳು

ಮೊದಲನೆಯದು ಲೇಸರ್ ಕಟಿಂಗ್. 6 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಕತ್ತರಿಸಿಕೊಟ್ಟರು, 650 ರೂಪಾಯಿ. ನೋಡೋಕೆ ತುಂಬ ಚೆನ್ನಾಗಿತ್ತು. ಬಣ್ಣದ ಗಂಜಿ ಹಚ್ಚಿ ಒತ್ತಿದೆ. ಎಂಟನೇ ಸಲಕ್ಕೆ ಗೆರೆಗಳು ಉಬ್ಬಿದವು, ಮಾರನೆಯ ದಿನ ಪದರ ಪದರವಾಗಿ ಎದ್ದವು. ಎಂಡಿಎಫ್ ಅಂದರೆ ಒತ್ತಿದ ಮರದ ನಾರು. ಒದ್ದೆ ಕೆಲಸಕ್ಕೆ ಅದು ಆಗೋದೇ ಇಲ್ಲ.

ಎರಡನೆಯದು ನಮ್ಮ ಬೀದಿಯ ಬಡಗಿಯವರು ತೇಗದಲ್ಲಿ ಕೆತ್ತಿಕೊಟ್ಟದ್ದು, 900 ರೂಪಾಯಿ. ಬಾಗಿಲ ಮೇಲೆ ಹೂ ಕೆತ್ತುವ ಕೈ ಅವರದು, ಕೆಲಸ ಅಚ್ಚುಕಟ್ಟು. ತಪ್ಪು ಮಾಡಿದ್ದು ನಾನು, ಆಳ ಹೇಳಲಿಲ್ಲ. ಅವರು 2 ಮಿ.ಮೀ. ಕೆತ್ತಿದರು. ನಾಲ್ಕು ಸಲ ಒತ್ತುವಷ್ಟರಲ್ಲಿ ಗಂಜಿ ಸಂದುಗಳಲ್ಲಿ ತುಂಬಿಕೊಂಡು ಹೂವೆಲ್ಲ ಕಪ್ಪು ಮುದ್ದೆ. ಅಚ್ಚಿನ ಕೆತ್ತನೆ ಕಡಿಮೆ ಅಂದರೂ 6 ಮಿ.ಮೀ. ಆಳ ಬೇಕು. ಅಗಲವಾದ ಅಚ್ಚಾದರೆ ಹಿಂಬದಿಯಿಂದ ಸಣ್ಣ ತೂತು ಕೊರೆಯಬೇಕು. ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು ಮಧ್ಯ ಬಣ್ಣ ಬೀಳುವುದಿಲ್ಲ.

ಜುಲೈ 13: ಮೇಸ್ತ್ರಿ

ಮಾಗಡಿ ರಸ್ತೆ ಕಡೆ ಅಚ್ಚು ಹಾಕುವ ಶೆಡ್ ಒಂದಿದೆ ಅಂತ ಗೊತ್ತಾಯಿತು. ಹೋದೆ. ಉದ್ದನೆಯ ಮೇಜುಗಳು, ಮೇಲೆ ಗೋಣಿಯ ಪದರಗಳು, ಅದರ ಮೇಲೆ ಬಿಳಿ ಬಟ್ಟೆ. ಅಲ್ಲಿನ ಮೇಸ್ತ್ರಿ ಪೆಡನದವರು. ಬೆಂಗಳೂರಿಗೆ ಬಂದು ತುಂಬ ವರ್ಷ ಆಗಿದೆ, ಕನ್ನಡದ ಮಧ್ಯೆ ತೆಲುಗು ಬರುತ್ತದೆ.

ನನ್ನ ಫೋನಿನ ಫೋಟೊ ನೋಡಿದರು. ದೊಡ್ಡದು ಮಾಡಿ ನೋಡಿದರು. "ನಮ್ಮ ಕಡೆದೇ. ಕೆಂಪು ಎಡಕ್ಕೆ ಹೋಗಿದೆ ನೋಡಿ ಅಮ್ಮಾ, ಈ ಮನುಷ್ಯ ಎಡಗೈಯವನು ಇರಬಹುದು" ಅಂದರು. ನಾನು ಅರ್ಧ ನೂಲು ಅಂತ ಬರೆದುಕೊಂಡಿದ್ದನ್ನು ಅವರು ಫೋಟೊದಲ್ಲೇ ಕಂಡರು.

ಮಾತಾಡುವಾಗ ಅವರ ಬಲ ಅಂಗೈ ನೋಡಿದೆ. ಮಣಿಕಟ್ಟಿಗೆ ಹತ್ತಿರ, ಕಿರುಬೆರಳಿನ ಕಡೆ, ಚರ್ಮ ದಪ್ಪಗಾಗಿ ಹೊಳೆಯುತ್ತಿತ್ತು. ಅಚ್ಚಿನ ಬೆನ್ನಿಗೆ ಗುದ್ದಿ ಗುದ್ದಿ ಆದದ್ದು. ಅದರ ಸುತ್ತ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಳ್ಳುತ್ತಾರೆ. ತೆಗೆದಾಗ ಅದರ ಕೆಳಗಿನ ಚರ್ಮ ಬಿಳಿಚಿಕೊಂಡಿತ್ತು.

ಅಚ್ಚು ಕೆತ್ತುವವರು ಪೆಡನದಲ್ಲಿ ಅವರಿಗೆ ಗೊತ್ತಿದ್ದಾರೆ. ಗುಜರಾತಿನ ಪೇಥಾಪುರದವರೂ ಈ ಕೆಲಸಕ್ಕೆ ಹೆಸರುವಾಸಿ. ಆದರೆ ಪೆಡನದ ಹೊದಿಕೆಗೆ ಪೆಡನದ ಉಳಿಯೇ ಇರಲಿ ಅನ್ನಿಸಿತು. ಬಟರ್ ಪೇಪರ್ ಕೊಟ್ಟು, ತೇಗ, ಆಳ 8 ಮಿ.ಮೀ. ಅಂತ ಹೇಳಿಸಿದೆ. ಎರಡು ಅಚ್ಚಿಗೆ 3,200, ಕೊರಿಯರ್ 200.

ಜುಲೈ 14: ಕಸಿಮಿ ಇಟ್ಟದ್ದು, ಕೆಟ್ಟದ್ದು

ಕಸಿಮಿ ಅಂದರೆ ಕಪ್ಪು ಬಣ್ಣದ ನೀರು. ತುಕ್ಕು ಹಿಡಿದ ಕಬ್ಬಿಣ, ಬೆಲ್ಲ, ನೀರು. ಮೂರನ್ನೂ ಮಡಕೆಯಲ್ಲಿ ಹಾಕಿ ಎರಡು ಮೂರು ವಾರ ಬಿಡಬೇಕು. ನಾನು 3 ಲೀಟರ್ ನೀರಿಗೆ 250 ಗ್ರಾಂ ಬೆಲ್ಲ ಹಾಕಿದೆ. ಕಬ್ಬಿಣಕ್ಕೆ ಮನೆಯಲ್ಲಿದ್ದ ಒಂದೂವರೆ ಕೆಜಿ ಮೊಳೆ ಹಾಕಿದೆ.

ಜುಲೈ 30ರಂದು ತೆಗೆದು ಅಳಲೆಕಾಯಿ ಹಚ್ಚಿದ ಬಟ್ಟೆಯ ಮೇಲೆ (ಅಳಲೆಕಾಯಿಯ ಒಗರು ಸೇರಿದರೇ ಕಬ್ಬಿಣದ ನೀರು ಕಪ್ಪಾಗುವುದು) ಒತ್ತಿ ನೋಡಿದೆ. ಬೂದು. ಒಣಗಿದ ಮೇಲೆ ಇನ್ನೂ ತಿಳಿ ಬೂದು. ಮೊದಲನೆಯ ತುಂಡು ಹೋಯಿತು.

ಮೇಸ್ತ್ರಿಗೆ ಫೋನ್ ಮಾಡಿದೆ. "ಮೊಳೆ ಹೊಳೀತಿತ್ತಾ ಅಮ್ಮಾ?" ಅಂತ ಕೇಳಿದರು. ಹೊಳೆಯುತ್ತಿತ್ತು. ಅವು ಜಿಐ ಮೊಳೆ, ಮೇಲೆ ಸತುವಿನ ಲೇಪ. ಬೆಲ್ಲದ ಹುಳಿ ಮೊದಲು ತಿಂದದ್ದು ಸತುವನ್ನು. ಕಬ್ಬಿಣ ಹೊರಗೆ ಬಂದದ್ದು ತುಂಬ ಕಡಿಮೆ. 17 ದಿನ ವ್ಯರ್ಥ.

ಆಗಸ್ಟ್ 1ಕ್ಕೆ ಹೊಸದಾಗಿ ಇಟ್ಟೆ. ಗುಜರಿ ಅಂಗಡಿಯಿಂದ 2 ಕೆಜಿ ಹಳೆಯ ಕಬ್ಬಿಣ, 100 ರೂಪಾಯಿ. ಕಿಟಕಿ ಸರಳಿನ ತುಂಡು, ಎತ್ತಿನ ಲಾಳ, ಬೋಲ್ಟು. ಬಣ್ಣ ಬಳಿದದ್ದು, ಎಣ್ಣೆ ಅಂಟಿದ್ದು ಬೇಡ ಅಂತ ಆರಿಸಿದೆ. ಬೆಂಕಿಗೆ ಹಾಕಿ ಸುಟ್ಟು, ಉಜ್ಜಿ, ಮಡಕೆಗೆ ಹಾಕಿದೆ. ಬಾಯಿಗೆ ಬಟ್ಟೆ ಕಟ್ಟಿದೆ. ಮುಚ್ಚಳ ಬಿಗಿ ಮಾಡಬಾರದು, ಉಸಿರಾಡಬೇಕು. ನಾಲ್ಕನೆಯ ದಿನ ನೊರೆ ಬಂತು, ಹುಳಿ ವಾಸನೆ. ಹತ್ತನೆಯ ದಿನಕ್ಕೆ ನೊರೆ ಇಳಿಯಿತು, ನೀರು ಕಂದಾಯಿತು. 19ನೆಯ ತಾರೀಖು ಅಳಲೆಕಾಯಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟೆ. ಕಣ್ಣೆದುರೇ ಬೂದು, ನೇರಳೆ, ಕಪ್ಪು. ಅಮ್ಮನನ್ನು ಕೂಗಿ ಕರೆದು ಇನ್ನೊಂದು ಹನಿ ಬಿಟ್ಟು ತೋರಿಸಿದೆ.

ಆಗಸ್ಟ್ 10: ಅಚ್ಚು ಬಂತು, ಆರು ದಳದ ಜೊತೆ

ಪೆಟ್ಟಿಗೆ ಬಿಚ್ಚಿದೆ. ಗೆರೆಗಳು ಎಷ್ಟು ಸಣ್ಣ ಅಂದರೆ ಉಗುರಿನಿಂದ ಮುಟ್ಟಲು ಭಯ. ಮೂಲೆಯಲ್ಲಿ ಗುರುತಿನ ಚುಕ್ಕೆ, ಎರಡನೆಯ ಅಚ್ಚನ್ನು ಅದರ ಮೇಲೆ ಕೂರಿಸುವುದಕ್ಕೆ. ಮತ್ತು ಎಡಗಡೆಯ ಹೂವಿಗೆ ಆರು ದಳ.

ನಾನು ಕೊಟ್ಟ ಚಿತ್ರದಲ್ಲಿ ಐದೇ ಇತ್ತು. ಕೆತ್ತಿದವರು ನಾನು ಬರೆಯುವಾಗ ಮರೆತಿದ್ದೇನೆ ಅಂದುಕೊಂಡು ತಾವೇ ಸೇರಿಸಿದ್ದಾರೆ. ಅರ್ಧ ಹೂವನ್ನು ಕೆತ್ತಿ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ. ಸಿಟ್ಟು ಬರಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಆದರೆ ನನ್ನ ತೇಪೆಗೆ ಐದು ದಳವೇ ಬೇಕು.

ಹೊಸ ಅಚ್ಚನ್ನು ಎಣ್ಣೆಯಲ್ಲಿ ನೆನೆಸಬೇಕು, ಇಲ್ಲದಿದ್ದರೆ ಮರ ಸೀಳುತ್ತದೆ. ಸ್ಟೀಲ್ ತಟ್ಟೆಯಲ್ಲಿ ಕಡಲೆಕಾಯಿ ಎಣ್ಣೆ ಹಾಕಿ ಹತ್ತು ದಿನ ಇಟ್ಟೆ. ಆಮೇಲೆ ಒರೆಸಿ ಎರಡು ದಿನ ನೆರಳಲ್ಲಿ.

ಬಟ್ಟೆ

ಮೊದಲು ತಂದ ಬಿಳಿ ಪಾಪ್ಲಿನ್ ಆಗಲಿಲ್ಲ. ನೇಯ್ಗೆ ತೀರ ಒತ್ತು, ಹಳೆಯದರ ಪಕ್ಕ ಪ್ಲಾಸ್ಟಿಕ್ ಹಾಗೆ ಕಂಡಿತು. 180 ರೂಪಾಯಿ ಹೋಯಿತು. ಚಿಕ್ಕಪೇಟೆಯಲ್ಲಿ ಹೊದಿಕೆಯ ಮೂಲೆ ಹಿಡಿದುಕೊಂಡೇ ನಾಲ್ಕು ಅಂಗಡಿ ತಿರುಗಿದೆ. ಕೋರಾ ಹತ್ತಿ ಬಟ್ಟೆ ಸಿಕ್ಕಿತು, ಮೀಟರಿಗೆ 95. ಮೂರು ಮೀಟರ್ ತಗೊಂಡು ಅರ್ಧ ಅರ್ಧ ಮೀಟರಿನ ಆರು ತುಂಡು ಮಾಡಿದೆ. ಒಂದು ತುಂಡು 65 ಗ್ರಾಂ.

ಕೋರಾ ಬಟ್ಟೆಯಲ್ಲಿ ಗಂಜಿ, ಎಣ್ಣೆ ಇರುತ್ತದೆ. ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿದೆ. ನೀರು ಟೀ ಬಣ್ಣಕ್ಕೆ ಬಂತು. ಒಣಗಿದ ಮೇಲೆ 50 ಸೆಂ.ಮೀ. 47 ಆಗಿತ್ತು. ಕುದಿಸದೆ ಅಚ್ಚು ಹಾಕಿದ್ದರೆ ಅಂಚು ಕುಗ್ಗಿ ಅಳತೆ ಕೂಡುತ್ತಲೇ ಇರಲಿಲ್ಲ.

ಅಳಲೆಕಾಯಿ, ಮಂಜಿಷ್ಠ (ಕೆಂಪು ಬಣ್ಣ ಕೊಡುವ ಬೇರು), ಪಟಿಕ ಮೂರೂ ಅವೆನ್ಯೂ ರಸ್ತೆ ಹತ್ತಿರದ ಗ್ರಂಧಿಗೆ ಅಂಗಡಿಯಲ್ಲಿ ಸಿಕ್ಕವು. ಬಟ್ಟೆಯ ತೂಕದ ಐದನೇ ಒಂದು ಭಾಗ ಅಳಲೆಕಾಯಿ ಪುಡಿ, ಅಂದರೆ ತುಂಡಿಗೆ 13 ಗ್ರಾಂ. ನೀರಲ್ಲಿ ಕಲಸಿ ರಾತ್ರಿಯಿಡೀ ನೆನೆಸಿ, ಹಿಂಡಿ, ತೊಳೆಯದೆ ಬಿಸಿಲಲ್ಲಿ ಹಾಸಿ ಒಣಗಿಸಬೇಕು. ತಂತಿಗೆ ನೇತುಹಾಕಿದರೆ ಪುಡಿ ಕೆಳಗಿಳಿದು ಒಂದು ಅಂಚು ಹೆಚ್ಚು ಹಳದಿ ಆಗುತ್ತದೆ.

ಆಗಸ್ಟ್ 24: ಎರಡನೆಯ ತುಂಡು, ಕಪ್ಪು ಹರಡಿತು

ಅವಸರ ಮಾಡಿದೆ. ಮೇಸ್ತ್ರಿ ಬರುವುದು ಮುಂದಿನ ಭಾನುವಾರ, ಅಷ್ಟರೊಳಗೆ ಒಂದು ಕೈ ನೋಡೋಣ ಅಂತ. ಕಸಿಮಿಗೆ ಹುಣಸೆ ಬೀಜದ ಪುಡಿಯ ಗಂಜಿ ಹಾಕಿ ಗಟ್ಟಿ ಮಾಡಿದೆ. ಪ್ಲಾಸ್ಟಿಕ್ ತಟ್ಟೆಯಲ್ಲಿ ಸ್ಪಂಜು ಇಟ್ಟು ಅದರ ಮೇಲೆ ಸುರಿದೆ.

ಒತ್ತಿದ ಕೂಡಲೇ ಗೆರೆ ಚೆನ್ನಾಗಿತ್ತು. ಐದು ನಿಮಿಷದಲ್ಲಿ ಗೆರೆಯ ಎರಡೂ ಪಕ್ಕ ಕೂದಲು ಬಿಟ್ಟ ಹಾಗೆ ಹರಡಿತು. ಸ್ಪಂಜು ಬಣ್ಣವನ್ನು ಜಾಸ್ತಿ ಹೀರಿ ಜಾಸ್ತಿ ಬಿಡುತ್ತದೆ, ಅದು ಒಂದು ಕಾರಣ. ಇನ್ನೊಂದು, ಅಳಲೆಕಾಯಿ ನೀರಿಗೆ ಹಾಲು ಹಾಕಿರಲಿಲ್ಲ. ಎಮ್ಮೆ ಹಾಲು ಹಾಕಬೇಕು ಅಂತ ಮೇಸ್ತ್ರಿ ಹೇಳಿದ್ದರು. ವಾಸನೆ ಬರುತ್ತೆ ಅಂತ ನಾನೇ ಬಿಟ್ಟಿದ್ದೆ. ಹಾಲಿನ ಜಿಡ್ಡು ಬಣ್ಣವನ್ನು ಹರಡದಂತೆ ತಡೆಯುತ್ತದೆ. ಬಿಡಬಾರದಿತ್ತು.

ಉಳಿದ ತುಂಡುಗಳಿಗೆ ಹಾಲು ಹಾಕಿ ಮತ್ತೆ ಅಳಲೆಕಾಯಿ ಮಾಡಿದೆ. ಎಮ್ಮೆ ಹಾಲು ಅರ್ಧ ಲೀಟರ್ ಪಕ್ಕದ ಬೀದಿಯ ಹಾಲಿನವರು ತಂದುಕೊಟ್ಟರು. ವಾಸನೆ ನಿಜವಾಗಿಯೂ ಬರುತ್ತದೆ. ಎರಡು ದಿನ ಒಳ್ಳೆ ಬಿಸಿಲು ಬಿದ್ದರೆ ಹೋಗುತ್ತದೆ.

ಸೆಪ್ಟೆಂಬರ್ 1: ಅಚ್ಚು ಹಾಕಿದ ದಿನ

ಮೇಸ್ತ್ರಿ ಬೆಳಿಗ್ಗೆ ಏಳಕ್ಕೇ ಬಂದರು. ಒಂದು ದಿನದ ಕೂಲಿ 1,200 ಅಂತ ಮೊದಲೇ ಮಾತಾಗಿತ್ತು. ಬಂದವರು ಮೊದಲು ಮಾಡಿದ ಕೆಲಸ, ನನ್ನ ಸ್ಪಂಜು ಎತ್ತಿ ಪಕ್ಕಕ್ಕಿಟ್ಟದ್ದು. ತಟ್ಟೆಯಲ್ಲಿ ಬಿದಿರು ಕಡ್ಡಿಗಳನ್ನು ಜಾಲಿಯ ಹಾಗೆ ಹೆಣೆದು ಇಟ್ಟರು. ಅದರ ಮೇಲೆ ಹಳೆಯ ಕಂಬಳಿಯ ತುಂಡು, ಅದರ ಮೇಲೆ ತೆಳು ಬಟ್ಟೆ. ಗಂಜಿ ಕೆಳಗೆ, ಅಚ್ಚಿಗೆ ಅಂಟುವುದು ಮೇಲಿನ ಬಟ್ಟೆಗೆ ಏರಿದಷ್ಟು ಮಾತ್ರ. ಊಟದ ಮೇಜಿನ ಮೇಲೆ ನಾಲ್ಕು ಗೋಣಿಚೀಲ, ಒಂದು ಜಮಖಾನ, ಹಳೆಯ ಪಂಚೆ ಹಾಸಿ ಗುಂಡುಪಿನ್ನಿನಿಂದ ಬಟ್ಟೆ ಬಿಗಿದೆವು.

ದಳದ ವಿಷಯ ಹೇಳಿದೆ. ಉಳಿಯಲ್ಲಿ ಆ ದಳ ಒಂದು ಒಡೆದುಕೊಡಿ ಅಂತ ಕೇಳಿದೆ. ಅವರು ಅಚ್ಚನ್ನು ತಿರುಗಿಸಿ ನೋಡಿ ಕೆಳಗಿಟ್ಟರು.

"ಹೊಸ ಅಚ್ಚು ನನ್ನ ಕೈಯಲ್ಲಿ ಒಡೆಯಲ್ಲ ಅಮ್ಮಾ. ಒರೆಸಿಕೊಂಡು ಹಾಕೋಣ."

ಹಾಗೇ ಮಾಡಿದೆವು. ಅಚ್ಚಿಗೆ ಬಣ್ಣ ಹತ್ತಿಸಿದ ಮೇಲೆ, ಬೆಂಕಿಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಆ ಒಂದು ದಳದ ಬಣ್ಣ ಒರೆಸುವುದು. ಬುಡದಲ್ಲಿ ಸ್ವಲ್ಪ ಉಳಿಸುವುದು, ಹಳೆಯದರ ಮೊಂಡು ಗುರುತಿನಷ್ಟು. ಒರೆಸುವುದು ನನ್ನ ಕೆಲಸ. ಮೊದಲ ಎರಡು ಸಲ ಪಕ್ಕದ ದಳದ್ದೂ ಒರೆಸಿಹೋಯಿತು, ಮತ್ತೆ ಬಣ್ಣ ಹತ್ತಿಸಬೇಕಾಯಿತು.

ಮೂರನೆಯ ತುಂಡಿಗೆ ಅವರೇ ಹಾಕಿ ತೋರಿಸಿದರು. ನಾಲ್ಕು, ಐದು ನಾನು. ನಾನು ಅಚ್ಚನ್ನು ಇಟ್ಟು ಎರಡೂ ಕೈಯಿಂದ ಭಾರ ಹಾಕುತ್ತಿದ್ದೆ. "ಒತ್ತಬೇಡಿ. ಕೂರಿಸಿ, ಆಮೇಲೆ ಒಂದು ಏಟು" ಅಂದರು. ಎಡಗೈಯಲ್ಲಿ ಅಚ್ಚು ಹಿಡಿದು, ಮೊದಲು ಒಂದು ಅಂಚು ಮುಟ್ಟಿಸಿ, ಉಳಿದದ್ದನ್ನು ನಿಧಾನ ಇಳಿಸಬೇಕು. ಪೂರ್ತಿ ಕೂತ ಮೇಲೆ ಅಂಗೈಯ ಬುಡದಿಂದ ಒಂದೇ ಏಟು. ಎತ್ತುವಾಗ ನೇರಕ್ಕೆ ಎತ್ತಬೇಕು. ನಾನು ಜಾರಿಸಿ ಎತ್ತಿದ ಕಡೆಯೆಲ್ಲ ಗೆರೆಗೆ ಬಾಲ ಬಂತು. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈ ಕೆಂಪಾಗಿ ಊದಿಕೊಂಡಿತು. ಇಪ್ಪತ್ತು ಮೂವತ್ತು ಏಟಿಗೆ ಹೀಗೆ. ಇಡೀ ಹೊದಿಕೆಗೆ ಎಷ್ಟು ಏಟು ಬಿದ್ದಿರಬಹುದು ಅಂತ ಹಳೆಯ ಅಂಚಿನ ಮೇಲೆ ಕೈಯಾಡಿಸಿದೆ.

ಕಪ್ಪು ಒಣಗಿದ ಮೇಲೆ ಕೆಂಪಿನ ಅಚ್ಚು. ಇದು ಕೆಂಪು ಬಣ್ಣ ಅಲ್ಲ, ಪಟಿಕದ ಗಂಜಿ. ಲೀಟರಿಗೆ 100 ಗ್ರಾಂ ಪಟಿಕ, ಹುಣಸೆ ಬೀಜದ ಗಂಜಿ. ಬಣ್ಣ ಬರುವುದು ಆಮೇಲೆ ಮಂಜಿಷ್ಠದ ನೀರಿನಲ್ಲಿ, ಪಟಿಕ ಬಿದ್ದ ಕಡೆ ಮಾತ್ರ. ಒತ್ತುವಾಗ ಏನೂ ಕಾಣುವುದಿಲ್ಲ ಅಲ್ವಾ, ಅದಕ್ಕೆ ರಾಜಸ್ಥಾನದ ಬಗ್ರು ಕಡೆ ಗೇರು ಮಣ್ಣು ಸೇರಿಸುತ್ತಾರೆ. ನಾವೂ ಒಂದು ಚಿಟಿಕೆ ಕೆಮ್ಮಣ್ಣು ಹಾಕಿದೆವು. ಗುರುತಿನ ಚುಕ್ಕೆ ನೋಡಿ, ಅರ್ಧ ನೂಲು ಎಡಕ್ಕೆ. ಬೇಕಂತಲೇ ಸರಿಸಿ ಕೂರಿಸುವುದು ಸರಿಯಾಗಿ ಕೂರಿಸುವುದಕ್ಕಿಂತ ಕಷ್ಟ. ಮೇಸ್ತ್ರಿಗೇ ಎರಡು ಸಲ ಕೈ ತಾನಾಗಿ ನೇರಕ್ಕೆ ಹೋಯಿತು.

ಊಟ ಮಾಡುವಾಗ ಅವರು ಸ್ಕ್ರೀನ್ ಪ್ರಿಂಟ್ ಬಗ್ಗೆ ಹೇಳಿದರು. ಅದೇ ಹೂಬಳ್ಳಿ, ಅದೇ ಹೆಸರು ಹೇಳಿ ಮಾರುತ್ತಾರೆ, ಬೆಲೆ ಮೂರನೇ ಒಂದು. ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ಗೊತ್ತು ಮಾಡಿಕೊಳ್ಳುವ ಬಗೆ ಕೇಳಿದೆ. ಅಚ್ಚಿಗೆ ಅಚ್ಚು ಸೇರುವ ಜಾಗ ನೋಡಿ ಅಂದರು. ಕೈಯಲ್ಲಿ ಹಾಕಿದ್ದರೆ ಒಂದು ಕಡೆ ಕೂದಲೆಳೆಯಷ್ಟು ಸಂದು, ಇನ್ನೊಂದು ಕಡೆ ಮೇಲೇರಿದ ಗೆರೆ, ಬಣ್ಣ ಒಂದು ಕಡೆ ದಟ್ಟ, ಒಂದು ಕಡೆ ತೆಳು. ಎಲ್ಲ ಕಡೆ ಒಂದೇ ಸಮ ಇದ್ದರೆ ಅನುಮಾನ ಪಡಿ. ಕೈಕೆಲಸ ಅಂತ ದುಡ್ಡು ಕೊಡುವಾಗ ಇಷ್ಟು ನೋಡಿ ಕೊಡಿ, ದಯವಿಟ್ಟು.

ಸೆಪ್ಟೆಂಬರ್ 5: ಮೂರನೆಯ ತುಂಡು, ಗುಲಾಬಿ

ಅಚ್ಚು ಹಾಕಿದ ಮೇಲೆ ಮೂರು ದಿನ ಸುಮ್ನೆ ಬಿಡಬೇಕು, ಪಟಿಕ ಬಟ್ಟೆಗೆ ಹಿಡಿಯಲು. ಬಿಟ್ಟೆ. ಆಮೇಲೆ ಬಕೆಟ್ಟಿನಲ್ಲಿ ಅದ್ದಿ ತೊಳೆದೆ. ಬಣ್ಣಕ್ಕೆ ಹಾಕಿದೆ. ಹೂವು ಕೆಂಪಾಯಿತು, ಬಿಳಿ ಇರಬೇಕಾದ ಜಾಗವೂ ಗುಲಾಬಿಯಾಯಿತು. ಮೇಸ್ತ್ರಿ ಹಾಕಿಕೊಟ್ಟ ತುಂಡು ಅದು, ಇರುವುದರಲ್ಲೆಲ್ಲ ಚೆನ್ನಾಗಿದ್ದದ್ದು. ಅವತ್ತು ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ತಪ್ಪು ಬಕೆಟ್ಟಿನದು. ಬಟ್ಟೆಗೆ ಹಿಡಿಯದ ಪಟಿಕ ನೀರಿಗೆ ಬಿಡುತ್ತದೆ. ನಿಂತ ನೀರಾದರೆ ಅದು ಹೋಗಿ ಬಿಳಿ ಜಾಗದಲ್ಲಿ ಕೂರುತ್ತದೆ. ಪೆಡನದಲ್ಲಿ ಹರಿಯುವ ಕಾಲುವೆಯಲ್ಲಿ ತೊಳೆಯುವುದು ಇದಕ್ಕೇ. ಬಿಟ್ಟ ಪಟಿಕವನ್ನು ನೀರು ಆಗಲೇ ಒಯ್ದುಬಿಡಬೇಕು.

ಸೆಪ್ಟೆಂಬರ್ 8: ನಾಲ್ಕನೆಯ ತುಂಡು, ಕಂದು

ನಲ್ಲಿಗೆ ಪೈಪ್ ಹಾಕಿ ಹರಿಯುವ ನೀರಲ್ಲೇ ತೊಳೆದೆ. ಬಿಳಿ ಬಿಳಿಯಾಗಿಯೇ ಉಳಿಯಿತು. ಆದರೆ ಕೆಂಪು ಬರಲಿಲ್ಲ, ಒಣಗಿದ ಇಟ್ಟಿಗೆಗೂ ಕಾಫಿಗೂ ನಡುವಿನ ಬಣ್ಣ.

ಎರಡು ಅನುಮಾನ ಇತ್ತು. ಬೋರ್‌ವೆಲ್ ನೀರು ಬಳಸಿದ್ದೆ, ಮತ್ತು ಬೇಗ ಆಗಲಿ ಅಂತ ಕುದಿಸಿದ್ದೆ. ಯಾವುದು ಕಾರಣ ಅಂತ ನೋಡಲು ಕೆಟ್ಟ ತುಂಡಿನ ಉಳಿದ ಭಾಗಕ್ಕೆ ಪಟಿಕ ಹಚ್ಚಿ, ಮೂರು ಸ್ಟೀಲ್ ಲೋಟದಲ್ಲಿ ಮೂರು ಪಟ್ಟಿ ಹಾಕಿದೆ. ಬೋರ್‌ವೆಲ್ ನೀರು, ಕುದಿಸದೆ: ಮಂಕು ಮರೂನ್. ಕಾವೇರಿ ನೀರು, ಕುದಿಸಿ: ಕಂದು. ಕಾವೇರಿ ನೀರು, 65 ಡಿಗ್ರಿ ಮೀರದ ಹಾಗೆ ಒಂದು ಗಂಟೆ: ಕೆಂಪು. ಅಂದರೆ ಎರಡೂ ತಪ್ಪು. ನಮ್ಮ ಬೋರ್‌ವೆಲ್ ನೀರಲ್ಲಿ ಕಬ್ಬಿಣ ಇದೆ, ಬಾತ್‌ರೂಮಿನ ಟೈಲ್ಸ್ ಮೇಲಿನ ಕಂದು ಗೆರೆ ದಿನವೂ ನೋಡುತ್ತೇನೆ. ಕಬ್ಬಿಣ ಕೆಂಪನ್ನು ಮಂಕು ಮಾಡುತ್ತದೆ. ಈ ಲೋಟದ ಪರೀಕ್ಷೆ ಮೊದಲೇ ಮಾಡಿದ್ದರೆ ಒಂದು ತುಂಡು ಉಳಿಯುತ್ತಿತ್ತು.

ಹಳೆಯ ಹೊದಿಕೆಯ ಕೆಂಪು ಮಂಜಿಷ್ಠದ್ದಲ್ಲ, ಅಲಿಜರಿನ್ ಅನ್ನುವ ಕೆಂಪು ಬಣ್ಣದ ಪುಡಿಯದು ಅಂತ ಮೇಸ್ತ್ರಿಯ ಅಂದಾಜು. 1868ರಲ್ಲಿ ಜರ್ಮನಿಯಲ್ಲಿ ಇದನ್ನು ಕೃತಕವಾಗಿ ಮಾಡುವ ದಾರಿ ಕಂಡುಹಿಡಿದರು. ಅಲಿಜರಿನ್ ಕುದಿಸಿದರೂ ಕೆಡುವುದಿಲ್ಲ. ನನಗೆ ಬೇರು ಬಳಸುವ ಆಸೆ ಇತ್ತು, ಬೇರಿನಲ್ಲೇ ಮುಂದುವರಿದೆ.

ಸೆಪ್ಟೆಂಬರ್ 14: ಐದನೆಯ ತುಂಡು, ಮಳೆ

ಇನ್ನು ಉಳಿದಿದ್ದು ನಾನು ಅಚ್ಚು ಹಾಕಿದ ಒಂದೇ ತುಂಡು. ತೊಳೆಯಲು ಹರಿಯುವ ನೀರು ಬೇಕು, ಬೋರ್‌ವೆಲ್ ಬೇಡ, ಕಾವೇರಿ ನೀರನ್ನು ಅರ್ಧ ಗಂಟೆ ಹರಿಯಬಿಡಲು ಮನಸ್ಸು ಒಪ್ಪುವುದಿಲ್ಲ. ಆರು ದಿನ ಕಾದೆ.

ಶನಿವಾರ ಸಂಜೆ ನಾಲ್ಕೂವರೆಗೆ ಮೋಡ ಕಟ್ಟಿತು. ಮೊದಲ ಹತ್ತು ನಿಮಿಷದ ನೀರು ಮಾಳಿಗೆಯ ಧೂಳು ತೊಳೆದುಕೊಂಡು ಹೋಗಲಿ ಅಂತ ಬಿಟ್ಟೆ. ಆಮೇಲೆ ಕೊಡೆ ಹಿಡಿದು ಅಮ್ಮ, ಬಟ್ಟೆ ಹಿಡಿದು ನಾನು, ಮಾಳಿಗೆ ನೀರಿನ ಪೈಪ್ ಬಂದು ಬೀಳುವ ಕಡೆ ನಿಂತೆವು. ಓರೆಯಾಗಿಟ್ಟ ಹಲಗೆಯ ಮೇಲೆ ಬಟ್ಟೆ ಹಾಸಿದೆ. ನೀರು ಮೇಲಿಂದ ಬಿದ್ದು ಹೂವಿನ ಮೇಲೆ ಹರಿದು ಕೆಳಗೆ ಹೋಗುತ್ತಿತ್ತು. ಮೊದಲು ಕೆಮ್ಮಣ್ಣಿನ ಬಣ್ಣ ಇಳಿಯಿತು, ಆಮೇಲೆ ಗಂಜಿಯ ಜಿಗುಟು. ಬೆರಳಿಗೆ ಜಿಗುಟು ಹತ್ತುವುದು ನಿಂತ ಮೇಲೂ ಹತ್ತು ನಿಮಿಷ ಬಿಟ್ಟೆ. ಒಟ್ಟು 35 ನಿಮಿಷ.

ಅದೇ ರಾತ್ರಿ ಬಣ್ಣ. ಸ್ಟೀಲ್ ತಪ್ಪಲೆ, 2 ಲೀಟರ್ ಕಾವೇರಿ ನೀರು, 65 ಗ್ರಾಂ ಮಂಜಿಷ್ಠ ಪುಡಿ. ತಣ್ಣೀರಿಂದ ಶುರುಮಾಡಿ 40 ನಿಮಿಷದಲ್ಲಿ 65 ಡಿಗ್ರಿ, ಅಲ್ಲಿಂದ ಒಂದು ಗಂಟೆ. ಮರದ ಸೌಟಿನಿಂದ ತಿರುಗಿಸುತ್ತಲೇ ಇದ್ದೆ. ತೆಗೆದು ತೊಳೆದಾಗ ಹೂವು ಕೆಂಪು, ಗೆರೆ ಕಪ್ಪು, ನೆಲ ತಿಳಿ ಹಳದಿ.

ಮುಂದಿನ ವಾರ

ನೆಲದ ಹಳದಿ ಹೋಗಲು ಮಾಳಿಗೆಯ ಮೇಲೆ ಹಾಸಿ, ಒಣಗಿದ ಹಾಗೆಲ್ಲ ನೀರು ಚಿಮುಕಿಸುತ್ತಾ ಆರು ದಿನ ಬಿಸಿಲು ಕಾಯಿಸಿದೆ. ದಿನಾ ಸಂಜೆ ಅಂಟುವಾಳದ ನೀರಲ್ಲಿ ಅದ್ದಿ ತೆಗೆದೆ. ಇದರಿಂದ ಕೆಂಪು ಕೂಡ ಸ್ವಲ್ಪ ಇಳಿಯಿತು, ನನಗೆ ಬೇಕಾಗಿದ್ದೂ ಅದೇ. ಹಳೆಯದಕ್ಕೆ ಪೂರ್ತಿ ಸಮ ಬರಲಿಲ್ಲ. ಹಗಲು ಬೆಳಕಲ್ಲಿ ಪಕ್ಕಪಕ್ಕ ಇಟ್ಟರೆ ನನ್ನದು ಒಂದು ಛಾಯೆ ಕಿತ್ತಳೆಯ ಕಡೆಗೆ.

ಸೆಪ್ಟೆಂಬರ್ 28ರಿಂದ ಅಕ್ಟೋಬರ್ 5: ಹೊಲಿಗೆ

ಮಂಚದ ಮೇಲೆ ಹಾಸಿ ಹೊಲಿದದ್ದು ತಪ್ಪಾಯಿತು. ಹಾಸಿಗೆ ಮೆತ್ತಗೆ, ಹೊಸ ಬಟ್ಟೆ ಬಿಗಿ, ಹಳೆಯದು ಸಡಿಲ. ಎಂಟು ಇಂಚು ಹೊಲಿದು ಎತ್ತಿದರೆ ಸುಕ್ಕು. ಬಿಚ್ಚಿದೆ, ಎರಡು ಗಂಟೆ ಹಿಡಿಯಿತು. ಎರಡನೆಯ ಸಲ ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೆ ಕುಟ್ಟಾಣಿ, ಪುಸ್ತಕಗಳ ಭಾರ ಇಟ್ಟೆ.

ಹಳೆಯ ಬಟ್ಟೆಯನ್ನು ಕಪ್ಪು ಗೆರೆಯ ಮೇಲೆ ಕತ್ತರಿಸಲಿಲ್ಲ. ಗೆರೆಯಿಂದ ಅರ್ಧ ಇಂಚು ಆಚೆ, ಬಟ್ಟೆ ಗಟ್ಟಿ ಇರುವ ಕಡೆ ಕತ್ತರಿಸಿದೆ. ಹಿಂಬದಿಗೆ ಅಪ್ಪನ ಹಳೆಯ ಪಂಚೆಯ ತುಂಡು ಕೊಟ್ಟೆ, ಮೃದುವಾಗಿದೆ, ಹಳೆಯದನ್ನು ಎಳೆಯುವುದಿಲ್ಲ. ಹೊಲಿಗೆ ನಮ್ಮಜ್ಜಿ ಧಾರವಾಡದಲ್ಲಿ ಕೌದಿಗೆ ಹಾಕುತ್ತಿದ್ದ ಸಾಲು ಹೊಲಿಗೆ. ಒಂಟಿ ಎಳೆ, ಇಂಚಿಗೆ ಹತ್ತು. ಪಕ್ಕದಲ್ಲಿ ಇನ್ನೂ ಹರಿಯದ ಆದರೆ ಸೊರಗಿದ ಕಪ್ಪು ಗೆರೆಗಳ ಹಿಂದೆಯೂ ಪಂಚೆಯ ಬಟ್ಟೆ ಸೇರುವ ಹಾಗೆ ಎರಡು ಇಂಚು ಹೆಚ್ಚು ಹೊಲಿದೆ. ಅವೂ ಒಂದು ದಿನ ಹರಿಯುತ್ತವೆ. ಇನ್ನು ಮೇಲೆ ಹೊದಿಕೆಯನ್ನು ಮಡಚಿ ಇಡುವುದಿಲ್ಲ, ಕೋಲಿಗೆ ಸುತ್ತಿ ಇಡುತ್ತೇನೆ.

ಖರ್ಚು

ಕೋರಾ ಬಟ್ಟೆ 285. ಪೆಡನದ ಎರಡು ಅಚ್ಚು, ಕೊರಿಯರ್ ಸೇರಿ 3,400. ಮೇಸ್ತ್ರಿಯ ಒಂದು ದಿನ 1,200. ಮಂಜಿಷ್ಠ ಅರ್ಧ ಕೆಜಿ 320. ಅಳಲೆಕಾಯಿ 60, ಪಟಿಕ 40, ಬೆಲ್ಲ 35, ಹುಣಸೆ ಬೀಜದ ಪುಡಿ 70, ಗುಜರಿ ಕಬ್ಬಿಣ 100. ದಂಡವಾದದ್ದು: ಪಾಪ್ಲಿನ್ 180, ಲೇಸರ್ 650, ಆಳವಿಲ್ಲದ ಅಚ್ಚು 900. ಒಟ್ಟು 7,240. ಈ ದುಡ್ಡಿಗೆ ಹೊಸ ಹೊದಿಕೆ ಮೂರು ಬರುತ್ತಿತ್ತು ಅಂತ ಪಕ್ಕದ ಮನೆಯವರು ಹೇಳಿದರು. ಬರುತ್ತಿತ್ತು. ಅಪ್ಪ ತಂದದ್ದು ಬರುತ್ತಿರಲಿಲ್ಲ.

ಅಕ್ಟೋಬರ್ 6

ಅಮ್ಮ ಬೆಳಿಗ್ಗೆ ಮಂಚದ ಮೇಲೆ ಹಾಸಿ, ತೇಪೆ ಇರುವ ಕಡೆಯನ್ನು ತಮ್ಮ ಕೈಗೆ ಸಿಗುವ ಹಾಗೆ ತಿರುಗಿಸಿಕೊಂಡರು. ಫೋಟೊ ತೆಗೆದು ಮೇಸ್ತ್ರಿಗೆ ಕಳಿಸಿದೆ. ಮಧ್ಯಾಹ್ನ ಅವರೇ ಫೋನ್ ಮಾಡಿದರು.

"ದಳ ಸರಿಯಾಗಿ ಬಂದಿದೆ ಅಮ್ಮಾ. ಮೂರನೇ ಅಚ್ಚು ಕೂರಿಸುವಾಗ ಮಾತ್ರ ಕೈ ಹೆದರಿದೆ."

ಹೋಗಿ ನೋಡಿದೆ. ಎರಡನೆಯ ಅಚ್ಚಿಗೂ ಮೂರನೆಯದಕ್ಕೂ ನಡುವೆ ಕೂದಲೆಳೆಗಿಂತ ಸ್ವಲ್ಪ ಜಾಸ್ತಿ ಸಂದು. ಆ ಏಟು ಕೊಡುವ ಮೊದಲು ನಾನು ಎರಡು ಸಲ ಅಚ್ಚು ಎತ್ತಿ ಇಟ್ಟದ್ದು ನೆನಪಿದೆ.

ಆರನೆಯ ತುಂಡು ಇನ್ನೂ ಇದೆ. ಕಸಿಮಿ ಮಡಕೆಗೆ ಇವತ್ತು 100 ಗ್ರಾಂ ಬೆಲ್ಲ ಹಾಕಿದೆ. ಮೇಸ್ತ್ರಿ ದೀಪಾವಳಿಗೆ ಊರಿಗೆ ಹೋಗಿ ಬಂದ ಮೇಲೆ ಎರಡು ದಿಂಬಿನ ಚೀಲ ಮಾಡುವುದು ಅಂತ ಮಾತಾಗಿದೆ. ಅದಕ್ಕೆ ಆರು ದಳವೂ ಹಾಕುತ್ತೇವೆ.